ಎಲೆಯಚ್ಚಿನ ಮಸಿ

ಹಲಸೂರು, ೨೪ ಆಗಸ್ಟ್ ೧೯೪೨

ಸಸ್ಯಶಾಸ್ತ್ರದ ಪ್ರೊಫೆಸರ್ ನಂಜುಂಡಯ್ಯನವರಿಗೆ, ಸಂಶೋಧನಾ ಸಹಾಯ ಕಚೇರಿಯ ಗುಮಾಸ್ತ ಚಲುವಯ್ಯನ ನಮಸ್ಕಾರಗಳು.

ಇವತ್ತು ಪೊಲೀಸ್ ಇನ್ಸ್‌ಪೆಕ್ಟರು ಬಂದು ಮಸಿ ಕೊಳ್ಳಲು ನೀವು ನಮ್ಮಲ್ಲಿ ಹಣ ಕೇಳಿದ್ದ ಅರ್ಜಿ ನೋಡಿದರು. "ಗಿಡದ ಮೇಷ್ಟ್ರಿಗೆ ಎಂಟು ಡಬ್ಬ ಅಚ್ಚಿನ ಮಸಿ ಯಾಕ್ರೀ? ಊರ ತುಂಬ ಚಳವಳಿ ಕರಪತ್ರ ಬೀಳ್ತಿದೆ" ಅಂದರು. "ಎಲೆಗಳ ಅಚ್ಚು ತೆಗೀತಾರೆ ಸಾರ್" ಎಂದುಬಿಟ್ಟೆ. ನಾಳೆ ನಿಮ್ಮಲ್ಲಿಗೆ ಬಂದು ನೋಡುತ್ತಾರಂತೆ.

ಮಸಿ ಏನಾಯಿತೆಂದು ನಾನು ಕೇಳುವುದಿಲ್ಲ. ಕೆರೆ ಏರಿಯ ಹೊಂಗೆ, ಅರಳಿ ಎಲೆಗಳನ್ನು ನಾನೇ ಮಸಿಯಲ್ಲಿ ಒತ್ತಿ, ನಲವತ್ತು ಹಾಳೆ ನನ್ನ ಹೆಂಡತಿ ಪಿಳ್ಳಮ್ಮನ ಕೈಯಲ್ಲಿ ಕಳಿಸಿದ್ದೇನೆ. ಮೇಜಿನ ಮೇಲೆ ಹರಡಿಡಿ.

ಒಂದೇ ಕೋರಿಕೆ. ಇನ್ಸ್‌ಪೆಕ್ಟರು ಎಲ್ಲರ ಕೈಯನ್ನೂ ನೋಡುತ್ತಿದ್ದಾರೆ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ನನ್ನ ಕೈಯ ಮಸಿ ಹೋಗುತ್ತಿಲ್ಲ. ಎಲೆಯಚ್ಚಿನ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡಿದ್ದೀರೆಂದು ಹಿಂದಿನ ತಾರೀಖು ಹಾಕಿ ಒಂದು ಚೀಟಿ ಬರೆದುಕೊಡಿ.

ಇಂತಿ ನಿಮ್ಮ ಸಹಾಯಕ,
ಚಲುವಯ್ಯ