ಇಂದುಮತಿಯ ಪರವಾಗಿ

ಫ್ರಿಸ್ಕೋ, ಟೆಕ್ಸಾಸ್
14 ನವೆಂಬರ್ 2015

ಸೌಭಾಗ್ಯವತಿ ಇಂದುಮತಿಗೆ,

ಆಶೀರ್ವಾದಗಳು. ಹೇಗಿದ್ದೀಯ? ಮೂತ್ರಕೋಶದ ಆ ನೋವು ಈಗ ಹೇಗಿದೆ? ಕಾಗದದ ರೂಢಿಗೆ ಕೇಳಿದೆ ಎಂದುಕೊಳ್ಳಬೇಡ, ಮುಂದೆ ಓದಿದರೆ ತಿಳಿಯುತ್ತದೆ. ಫೋನಿನಲ್ಲಿ ಕೇಳೋಣವೆಂದರೆ ನೀನಿರುವುದು ತಂಗಿಯ ಮನೆ. ಅವರೆಲ್ಲರ ಎದುರಿಗೆ ನಾನೇನು ಕೇಳಿದರೂ "ಚೆನ್ನಾಗಿದೀನಿ ಕಣ್ರೀ" ಎಂದು ಮುಗಿಸುತ್ತೀಯ. ಅಳಿಯನ ಸ್ನೇಹಿತ ಭಾಸ್ಕರ ನಾಳೆ ಮೈಸೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಮೊಮ್ಮಗಳು ಶ್ರಾವಣಿಗೆ ಮೂರು ತಿಂಗಳು ತುಂಬಿತು. ನನ್ನ ಕನ್ನಡಕ ಕಂಡರೆ ಸಾಕು, ಕಿತ್ತುಕೊಳ್ಳಲು ಕೈ ಚಾಚುತ್ತಾಳೆ. ಅಳಿಯ ನಿಶ್ಚಲ್ ವಾರವಿಡೀ ಆಸ್ಟಿನ್‌ನಲ್ಲಿ ಕೆಲಸ ಮಾಡಿ ಶುಕ್ರವಾರ ಡ್ರೈವ್ ಮಾಡಿಕೊಂಡು ಬರುತ್ತಾನೆ, ಹಾಗಾಗಿ ಬಾಣಂತನವೆಲ್ಲ ನನ್ನ ಪಾಲಿಗೇ ಬಂದಿದೆ. ಆಯುಷ್ಯವೆಲ್ಲ ಕೋರ್ಟಿನಲ್ಲಿ ಕಳೆದ ವಕೀಲ ಈಗ ಮೆಂತ್ಯದ ಹಿಟ್ಟು ಹುರಿಯುತ್ತಾನೆ, ಮಗುವಿಗೆ ಎಣ್ಣೆ ನೀವುತ್ತಾನೆ. ದೀಪಾವಳಿಗೆ ಪಕ್ಕದೂರು ಪ್ರಾಸ್ಪರ್‌ನಿಂದ ಬಂದಿದ್ದ ಒಬ್ಬ ಆಂಟಿ, "ಮಗಳ ಬಾಣಂತನಕ್ಕೆ ತಾಯಿ ಬರದೆ ತಂದೆ ಬಂದಿದ್ದನ್ನ ಇದೇ ಮೊದಲು ನೋಡಿದ್ದು" ಎಂದರು. "ಅವಳದು ಉಷ್ಣದ ಮೈ, ಪ್ರಯಾಣ ಅಂದ್ರೆ ನೂರೆಂಟು ನೆಪ" ಎಂದು ನಕ್ಕೆ. ಅನಘಾ ನಗಲಿಲ್ಲ. ಆಗ ನನಗೆ ಅದು ಗಮನಕ್ಕೂ ಬರಲಿಲ್ಲ.

ಹೆರಿಗೆಯ ಮೇಲೆ ಅವಳಿಗೆ ಸೊಂಟನೋವು ಬಂದು, ಹತ್ತಿರದ ಊರು ರಿಚರ್ಡ್‌ಸನ್‌ನಲ್ಲಿ ಒಬ್ಬ ಚೀನೀ ವೈದ್ಯೆಯ ಹತ್ತಿರ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾಳೆ. ಡಾಕ್ಟರ್ ಲಿನ್ ಎಂದು, ನಮ್ಮ ವಯಸ್ಸಿನ ಹೆಂಗಸು. ಕೋಣೆಯ ತುಂಬ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯ ವಾಸನೆ. ಮೊನ್ನೆ ಮಗುವನ್ನೆತ್ತಿಕೊಂಡು ನಾನೂ ಹೋಗಿದ್ದೆ. ಗೋಡೆಯ ಮೇಲಿದ್ದ ದೇಹದ ಚಿತ್ರ ನೋಡುತ್ತ ನಿನ್ನ ನೆನಪಾಯಿತು. ನಿನಗೂ ಒಂದು ಪೊಟ್ಟಣ ಬೇರುನಾರು ಕಟ್ಟಿಸಿಕೊಂಡು ಹೋದರಾಯಿತು ಎಂದು ನಿನ್ನ ಪರವಾಗಿ ವಾದ ಶುರು ಮಾಡಿದೆ. ಹೆಂಡತಿಗೆ ಬಹಳ ವರ್ಷದಿಂದ ಮೂತ್ರಕೋಶದಲ್ಲಿ ಉರಿ, ಎಷ್ಟು ಸಲ ಟೆಸ್ಟ್ ಮಾಡಿಸಿದರೂ ಇನ್‌ಫೆಕ್ಷನ್ ಇಲ್ಲ, ಉಷ್ಣ ಜಾಸ್ತಿ, ಔಷಧಿ ಕೊಡಿ ಎಂದೆ. ನಾಡಿ ಹಿಡಿಯದೆ, ನಾಲಿಗೆ ನೋಡದೆ ತಾನು ಕೊಡುವುದಿಲ್ಲ ಎಂದಳು. ನಾನು ಬಿಡಲಿಲ್ಲ. ಹಾಗಾದರೆ ಇದಕ್ಕೆ ಉತ್ತರ ಹೇಳಿ ಎಂದು ಕೇಳತೊಡಗಿದಳು.

ಇಂದೂ, ಅಂಥ ಪಾಟೀಸವಾಲನ್ನು ನಾನು ಯಾವ ಕೋರ್ಟಿನಲ್ಲೂ ಎದುರಿಸಿಲ್ಲ. ನೋವು ಮೂತ್ರ ತುಂಬಿದಾಗ ಹೆಚ್ಚೋ, ಹೋದ ಮೇಲೆ ಹೆಚ್ಚೋ? ಬಿಸಿ ಇಟ್ಟರೆ ಹಿತವೋ, ತಣ್ಣಗಿನದು ಹಿತವೋ? ಕೈಕಾಲು ತಣ್ಣಗಿರುತ್ತವೆಯೇ? ರಾತ್ರಿ ಎಷ್ಟು ಸಲ ಏಳುತ್ತಾಳೆ? ಮನಸ್ಸಿಗೆ ಏನು ಕೊರಗಿದೆ? ನಾನು ಮತ್ತೆ ಉಷ್ಣ ಎಂದೆ. "ಉಷ್ಣ ಅಂತ ಹೇಳಿದ್ದು ಯಾರು?" ಎಂದಳು. ನಾನೇ ಎಂದೆ. ಸೂಜಿ ಚುಚ್ಚಿಸಿಕೊಂಡು ಬೋರಲು ಮಲಗಿದ್ದ ಅನಘಾ ಆಗ ಇಂಗ್ಲಿಷಿನಲ್ಲಿ ಒಂದೊಂದಾಗಿ ಉತ್ತರ ಕೊಟ್ಟಳು. ತುಂಬುತ್ತ ಬಂದ ಹಾಗೆ ನೋವು ಏರುತ್ತದೆ, ಹೋದ ಮೇಲೆ ಸ್ವಲ್ಪ ಇಳಿಯುತ್ತದೆ. ಅಡುಗೆ ಮಾಡುವಾಗಲೂ ಸೆರಗಿನ ಒಳಗೆ ಬಿಸಿನೀರಿನ ಚೀಲ ಇರುತ್ತದೆ. ಬೇಸಿಗೆಯಲ್ಲೂ ಕಾಲು ತಣ್ಣಗೆ. ಮದುವೆ ಮುಂಜಿಗೆ ಹೋಗುವ ದಿನ ಬೆಳಗಿನಿಂದ ಹನಿ ನೀರು ಕುಡಿಯುವುದಿಲ್ಲ. ನನ್ನ ಹೆಂಡತಿಯ ಕಾಯಿಲೆಯನ್ನು ನಾನು ರಿಚರ್ಡ್‌ಸನ್‌ನಲ್ಲಿ ಕೂತು ಮಗಳ ಬಾಯಿಂದ ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಂಡೆ.

ಅವರ ಶಾಸ್ತ್ರದ ಪ್ರಕಾರ ಇದು ಶೀತ ಕಟ್ಟಿಕೊಂಡಿರುವ ಲಕ್ಷಣದಂತೆ ಕಾಣುತ್ತದಂತೆ, ನೋಡದೆ ಖಂಡಿತವಾಗಿ ಹೇಳಲಾರೆ ಎಂದಳು ವೈದ್ಯೆ. ಕಾಲಿಗೆ, ಸೊಂಟಕ್ಕೆ ಸೂಜಿ ಚುಚ್ಚುತ್ತಾರೆ. ಒಣಗಿಸಿದ ಒಂದು ಸೊಪ್ಪಿನ ಬತ್ತಿ ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದು ಶಾಖ ಕೊಡುತ್ತಾರೆ. ಕೆಲವರಿಗೆ ನೋವು ತಗ್ಗುತ್ತದೆ, ಕೆಲವರಿಗೆ ಇಲ್ಲ. ದೊಡ್ಡ ಡಾಕ್ಟರನ್ನು ಬಿಡಬೇಡಿ, ಟೆಸ್ಟಿನಲ್ಲಿ ಏನೂ ಕಾಣದಿದ್ದರೂ ಈ ನೋವಿಗೆ ಹೆಸರಿದೆ ಎಂದಳು. ಹುಳಿ ಪದಾರ್ಥ ಹಲವರಿಗೆ ಆಗುವುದಿಲ್ಲ ಎಂದೂ ಹೇಳಿದಳು. ನಾನು ವಾರಗಟ್ಟಲೆ ಮುಂದೆ ನಿಂತು ನಿಂಬೆಹಣ್ಣಿನ ಪಾನಕ ಕುಡಿಸಿದ್ದೆನಲ್ಲ ಇಂದೂ. ಕಾರಿನಲ್ಲಿ ಅದನ್ನು ಕೇಳಿದ್ದಕ್ಕೆ ಅನಘಾ, "ನೀವು ಮಾಡಿಸಿದ್ದು ಅಂತ ಅಮ್ಮ ಕುಡೀತಿದ್ಲು ಅಪ್ಪಾ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ಲು" ಎಂದಳು.

ರಿಪೋರ್ಟು ಸರಿಯಿದ್ದರೆ ಮನುಷ್ಯನೂ ಸರಿಯಿದ್ದಾನೆ ಎಂದುಕೊಂಡೆ. ಕಾಗದಪತ್ರ ನಂಬುವ ನನ್ನ ಕಸುಬಿನ ಬುದ್ಧಿ ಅದು. ಮೈಸೂರಿನಲ್ಲಿ ಡಾಕ್ಟರು ನಿನ್ನನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ, ನೀನು ಪಕ್ಕದಲ್ಲಿ ಕೈಚೀಲ ಹಿಡಿದು ಕೂತಿರುತ್ತಿದ್ದೆ. ಎಷ್ಟು ವರ್ಷ ಹಾಗೆ ಕಳೆದುಹೋಯಿತೋ. ಮೊಮ್ಮಗಳನ್ನು ಎತ್ತಿಕೊಳ್ಳಬೇಕಾಗಿದ್ದವಳು ನೀನು. ವಿಮಾನ ಹತ್ತಲು ಭಯವೆಂದು ನೀನು ಹೇಳಿದೆ, ನಾನು ಅದು ಹಟವೆಂದೆ.

ಅನಘಾ, ನಿಶ್ಚಲ್ ನಮಸ್ಕಾರ ಹೇಳಿದ್ದಾರೆ. ತಂಗಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸು. ನಿನಗೆ ಬೇಗ ನೆಮ್ಮದಿಯ ನಿದ್ದೆ ಬರಲಿ.

ನಿನ್ನ,
ಮೋಹನರಾಜ

ತಾ.ಕ.: ಭಾಸ್ಕರ ಬಾಗಿಲಿಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಟಿಕೆಟ್ ಮುಂಚಿನ ತಾರೀಖಿಗೆ ಬದಲಾಯಿಸಿದ್ದೇನೆ, ಈ ತಿಂಗಳ ಕೊನೆಗೇ ಬರುತ್ತೇನೆ. ನಿಶ್ಚಲ್ ಮನೆಯಿಂದಲೇ ಕೆಲಸ ಮಾಡುತ್ತಾನಂತೆ, ಮಗುವಿನ ಚಿಂತೆ ಬೇಡ. ಬೆಂಗಳೂರಿನಲ್ಲಿ ಈ ನೋವಿಗೆಂದೇ ಇರುವ ಡಾಕ್ಟರಮ್ಮನನ್ನು ಅನಘಾ ಹುಡುಕಿದ್ದಾಳೆ, ಹೋಗೋಣ. ಹೇಳಬೇಕಾದ್ದನ್ನೆಲ್ಲ ನೀನೇ ಹೇಳು. ನಾನೂ ಒಳಗೆ ಬರಲೇ, ಹೊರಗೆ ಕೂತಿರಲೇ? ನಿನಗೆ ಯಾವುದು ಸರಿಯೋ ಹೇಳು, ಹಾಗೇ ಮಾಡುತ್ತೇನೆ.