ಹದಿನಾಲ್ಕನೆಯ ಸಾಕ್ಷಿ

ಫೆಬ್ರವರಿ 11, ಸೋಮವಾರ. ಬೆಳಿಗ್ಗೆ

ವಾರಪತ್ರಿಕೆಯ ವರದಿ ತಪ್ಪು. ಬರೆದವನು ನಾನು ಪಾಠ ಮಾಡಿದ ತರಗತಿಯಲ್ಲೇ ಕುಳಿತವನು. ಆದ್ದರಿಂದ ನಾಚಿಕೆ ಇನ್ನೂ ಹೆಚ್ಚು. “ಶನಿವಾರ ಸಭಾಭವನದಲ್ಲಿ ವರಾಡಿ ಕಿಂಗಾ ಅವರ ಪುಸ್ತಕದ ಚರ್ಚೆಯ ವೇಳೆ ಜನ ಕೂಗಾಡಿದರು, ಲೇಖಕಿ ಅಳುತ್ತ ಹೊರನಡೆದರು” ಎಂದಿದೆ. ಕೂಗಾಡಿದ್ದು ಜನವಲ್ಲ, ಒಬ್ಬನೇ — ನಮ್ಮ ಹಂಗೇರಿಯನ್ನರ ಪಕ್ಷದ ಜಿಲ್ಲಾಧ್ಯಕ್ಷ ಸಿದೋ ವೆಂಡೆಲ್. ಕಿಂಗಾ ಅಳಲಿಲ್ಲ, ಶೀತವಾಗಿತ್ತು. ಹೊರನಡೆಯಲೂ ಇಲ್ಲ, ಪೊಜೊನ್‌ಗೆ ಕೊನೆಯ ಬಸ್ಸು ಹಿಡಿಯಲು ಹೊರಟಳು, ನನ್ನ ಕೆನ್ನೆಗೆ ಮುತ್ತಿಟ್ಟು, ಶಾಲು ಸುತ್ತಿಕೊಂಡು. (ಸರ್ಕಾರದವರು ಅದನ್ನು ಬ್ರಾಟಿಸ್ಲಾವಾ ಎನ್ನಲಿ. ನಾನು ನಮ್ಮ ಹಂಗೇರಿಯನ್ ಹೆಸರಿನಲ್ಲಿ ಪೊಜೊನ್ ಎಂದೇ ಬರೆಯುತ್ತೇನೆ.)

ಕೆಂಪು ಪೆನ್ಸಿಲಿನಿಂದ ತಿದ್ದಿ ಮಡಚಿಟ್ಟೆ. ಸಂಜೆ ಬೀನ್ಸ್ ಸಾರು.

ಫೆಬ್ರವರಿ 14, ಗುರುವಾರ

ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ. ಕ್ರಮವಾಗಿ ಬರೆದರೆ ನಿಂತೀತು.

ಕಿಂಗಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನಾನೇ ನನ್ನ ಮನೆತನದ ಹೆಸರು ಕೊಟ್ಟು ಬೆಳೆಸಿದೆ. ಕಮ್ಯುನಿಸ್ಟರು ಹೋದ ವರ್ಷ ಅವಳು ಹೈಸ್ಕೂಲಿನಲ್ಲಿದ್ದಳು. ಒಂದೇ ವರ್ಷದಲ್ಲಿ ನಮ್ಮ ಪಟ್ಟಣದ ಗೋಡೆಗಳ ಮೇಲೆ ಹನ್ನೊಂದು ಪಕ್ಷಗಳ ಭಿತ್ತಿಪತ್ರ. ಎಲ್ಲವನ್ನೂ ಕಿತ್ತು ತಂದು ಹಾಸಿಗೆಯ ಕೆಳಗೆ ಜೋಡಿಸಿಟ್ಟಳು. ಅಂದು ಹಿಡಿದ ಹುಚ್ಚು. ಕಮ್ಯುನಿಸ್ಟರು ಹೋದ ದೇಶಗಳಲ್ಲಿ ಅಲ್ಪಸಂಖ್ಯಾತರ ಪಕ್ಷಗಳು ಹೇಗೆ ಹುಟ್ಟಿದವು, ಯಾಕೆ ಒಡೆದವು — ಇಪ್ಪತ್ತು ವರ್ಷ ಅದೇ ಅವಳ ಕೆಲಸ. ಬಲ್ಗೇರಿಯಾದ ತುರ್ಕರ ಬಗ್ಗೆ ಬರೆದಳು, ಇಲ್ಲಿಯವರು ಹೊಗಳಿದರು. ಲಾಟ್ವಿಯಾದ ರಷ್ಯನ್ನರ ಬಗ್ಗೆ ಬರೆದಳು, ಸನ್ಮಾನ ಮಾಡಿದರು. ಈಗ ಸ್ಲೊವಾಕಿಯಾದ ಹಂಗೇರಿಯನ್ನರಾದ ನಮ್ಮ ಬಗ್ಗೆಯೇ ಬರೆದಿದ್ದಾಳೆ. ಈಗ ಶಾಸ್ತ್ರವೇ ಸುಳ್ಳು ಎನ್ನುತ್ತಿದ್ದಾರೆ.

ಸಿಟ್ಟಿಗೆ ಕಾರಣವಾದದ್ದು ಒಂದೇ ಉದ್ಧರಣೆ. ಹೆಸರಿಲ್ಲ, “ಹದಿನಾಲ್ಕನೆಯ ಸಂದರ್ಶಿತರು, ಪಕ್ಷದ ಒಳಗಿನವರು” ಎಂದಷ್ಟೇ ಇದೆ. ಅವರು ಹೇಳಿದ್ದು: “ಜನವರಿಯಲ್ಲಿ ಹಂದಿಯ ಕಾಲು ಹಿಡಿಯಲು ಯಾರನ್ನು ಕರೆಯುತ್ತಾರೋ ಅವರೇ ಅಭ್ಯರ್ಥಿ. ಸಾಸೇಜು ಬೇಯುವ ಮೊದಲೇ ಚುನಾವಣೆ ಮುಗಿದಿರುತ್ತದೆ. ಪಕ್ಷ ಒಡೆದದ್ದು ಸಿದ್ಧಾಂತಕ್ಕಲ್ಲ. ಆ ವರ್ಷ ಪಶುವೈದ್ಯನ ಭಾವನನ್ನು ಹಂದಿ ಕೊಯ್ಯಲು ಕರೆಯಲಿಲ್ಲ, ಅದಕ್ಕೆ.”

ಹಂದಿ ಕೊಯ್ಯುವುದು ವೆಂಡೆಲ್‌ನ ಅಂಗಳದಲ್ಲಿ. ಯಾರು ಬಂದು ಹೋದರೂ ಕೊನೆಯವರೆಗೆ ಅಲ್ಲಿರುವವರು ಪ್ರತಿವರ್ಷ ನಾಲ್ವರು: ವೆಂಡೆಲ್, ಪಶುವೈದ್ಯ, ಕಟುಕ, ಚರ್ಚಿನ ಆರ್ಗನ್ ನುಡಿಸುವ ಒಟ್ಟೋ. ಇದು ಊರಿಗೆಲ್ಲ ಗೊತ್ತು.

ಈ ಸಲ ವೆಂಡೆಲ್‌ನ ಮನೆಯಿಂದ ನನಗೆ, ಹಂದಿ ಕೊಯ್ದಾಗ ನಂಟರಿಷ್ಟರಿಗೆ ರುಚಿ ನೋಡಲು ಕಳಿಸುವ ತಟ್ಟೆ ಬರಲಿಲ್ಲ. ಮೂವತ್ತು ವರ್ಷಗಳಲ್ಲಿ ಇದೇ ಮೊದಲು.

ಮಾರ್ಚ್ 3, ಭಾನುವಾರ

ನಾಲ್ವರೂ ಸಹಿ ಹಾಕಿ ವಿಶ್ವವಿದ್ಯಾಲಯಕ್ಕೆ ದೂರು ಕಳಿಸಿದ್ದಾರೆ. “ನಮ್ಮಲ್ಲಿ ಯಾರೂ ಆ ಮಾತು ಆಡಿಲ್ಲ. ಹದಿನಾಲ್ಕನೆಯವರು ಎಂಬ ವ್ಯಕ್ತಿ ಇಲ್ಲ. ಲೇಖಕಿ ಕಲ್ಪಿಸಿ ಬರೆದಿದ್ದಾರೆ.”

ಮೇ ತಿಂಗಳಲ್ಲಿ ಕಿಂಗಾಳ ಡೊಸೆಂಟ್ ಪದವಿಯ ಬಹಿರಂಗ ಪರೀಕ್ಷೆ. ಪ್ರಾಧ್ಯಾಪಕಿಯಾಗಲು ಅದು ಕೊನೆಯ ಮೆಟ್ಟಿಲು. ಸಂದರ್ಶನವನ್ನು ಕಲ್ಪಿಸಿದಳೆಂದಾದರೆ ಪದವಿ ಇರಲಿ, ಈಗಿರುವ ಕೆಲಸವೂ ಹೋಗುತ್ತದೆ. ಆ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಕಳ್ಳತನವಿಲ್ಲ.

ಚರ್ಚಿನಲ್ಲಿ ಪೂಜೆ ಮುಗಿಸಿ ಒಟ್ಟೋ ಬಂದ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತ.

“ಎತೆಲ್ಕಾ, ಊರೆಲ್ಲ ನನ್ನನ್ನೇ ನೋಡ್ತಿದೆ. ಒಟ್ಟೋನ ಬಾಯಿ ತಾನೆ, ಅದಕ್ಕೆ ಬಾಗಿಲೇ ಇಲ್ಲ ಅಂತಾರೆ.”

“ಇಲ್ಲವಲ್ಲ.”

“ಇಲ್ಲ. ಆದ್ರೆ ಇದು ನಾನು ಹೇಳಿದ್ದಲ್ಲ ಕಣೆ. ನಿನ್ನ ಹುಡುಗಿ ನನ್ನ ಹತ್ರ ಬಂದೂ ಇಲ್ಲ. ಬಂದಿದ್ರೆ ಹೇಳ್ತಿದ್ನೋ ಏನೋ, ಅದು ಬೇರೆ ಮಾತು. ಬರ್ಲೇ ಇಲ್ಲ.”

ಒಟ್ಟೋ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ಬಾಲ್ಯದಿಂದ ಬಲ್ಲೆ. ಕೆಂಪಾಗಲಿಲ್ಲ.

“ಮತ್ತೆ ಸಹಿ ಯಾಕೆ ಹಾಕಿದೆ?”

“ಹೇಳದೇ ಇದ್ದೋನು ಹೇಳಿಲ್ಲ ಅಂತ ಸಹಿ ಹಾಕಿದೆ. ಅದರಲ್ಲಿ ತಪ್ಪೇನಿದೆ?” ಅಂದ. ಹೊರಡಲು ತಿರುಗಿ, “ಉಳಿದ ಮೂರು ಜನರೂ ಹೇಳೋರಲ್ಲ, ಎತೆಲ್ಕಾ. ಅಭ್ಯರ್ಥಿಗಳ ಪಟ್ಟಿ ಅಲ್ಲೇ ಆಗೋದನ್ನ ಅವರೇ ಯಾಕೆ ಬಯಲು ಮಾಡ್ತಾರೆ?”

ಹೌದು. ಯಾಕೆ?

ಅವನು ಹೋದ ಮೇಲೆ ಕಾಫಿ ಆರಿಹೋಯಿತು. ನಾಲ್ವರಲ್ಲಿ ಯಾರೂ ಅಲ್ಲ. ಹಾಗಾದರೆ...

ಮಾರ್ಚ್ 5, ಮಂಗಳವಾರ

ದೂರವಾಣಿಯಲ್ಲಿ ಕಿಂಗಾಳನ್ನು ಕೇಳಿಬಿಟ್ಟೆ. ಬಳಸಿ ಬಳಸಿ ಕೇಳಲು ನನಗೆ ಬಾರದು.

“ಆ ವ್ಯಕ್ತಿ ಇದ್ದಾರೆಯೇ, ಕಿಂಗಾ?”

“ದೊಡ್ಡಮ್ಮ. ನೀವೂನಾ?”

“ನಾನು ಕೇಳಿದ್ದಕ್ಕೆ ಉತ್ತರ ಹೇಳು.”

“ಇದ್ದಾರೆ. ಹೆಸರು ಹೇಳಲ್ಲ. ಮಾತು ಕೊಟ್ಟಿದ್ದೀನಿ. ಹದಿನಾಲ್ಕನೆಯವರಿಗೆ ಕೊಟ್ಟ ಮಾತು ತಪ್ಪಿದ್ರೆ ಹದಿನೈದನೆಯವರು ನನ್ನ ಎದುರು ಬಾಯಿ ಬಿಡ್ತಾರಾ? ನನ್ನ ಕೆಲಸ ಅಂದ್ರೆ ಅದೊಂದೇ, ದೊಡ್ಡಮ್ಮ. ಜನ ನಂಬಿ ಬಾಯಿ ಬಿಡೋದು.”

“ಕೆಲಸವೇ ಹೋದರೆ?”

“ಹೋಗ್ಲಿ.” ಆಮೇಲೆ ಮೆತ್ತಗೆ, “ಊಟ ಮಾಡಿದ್ರಾ?”

ಮಾಡಿದೆ ಎಂದೆ. ಮಾಡಿರಲಿಲ್ಲ. ನಂಬುತ್ತೇನೆ ಎಂದು ಹೇಳಬೇಕಿತ್ತು. ನಂಬುತ್ತೇನೆಯೇ? ನಾಲ್ವರನ್ನೂ ಬಿಟ್ಟರೆ ಐದನೆಯವರು ಎಲ್ಲಿಂದ ಬರುತ್ತಾರೆ?

ಏಪ್ರಿಲ್ 1, ಈಸ್ಟರ್ ಸೋಮವಾರ

ಪ್ರತಿವರ್ಷ ಈ ದಿನ, ಹಬ್ಬದ ಪದ್ಧತಿಯಂತೆ, ಹಳೆಯ ವಿದ್ಯಾರ್ಥಿಗಳು ಬಂದು, ತಪ್ಪು ತಪ್ಪಾಗಿ ಪದ್ಯ ಹೇಳಿ, ನನ್ನ ತಲೆಗೆ ಅಗ್ಗದ ಸುಗಂಧ ಚಿಮುಕಿಸಿ, ಬಣ್ಣದ ಮೊಟ್ಟೆ ಇಸಿದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಕ್ಷೌರದಂಗಡಿಯಂತೆ ನಾರುತ್ತಿದ್ದೆ. ಬೈಯುತ್ತಿದ್ದೆ ಕೂಡ.

ಇಂದು ಒಟ್ಟೋ ಒಬ್ಬನೇ ಬಂದ, ಅವನೂ ಸುಗಂಧವಿಲ್ಲದೆ. ಮೊಟ್ಟೆಗಳು ಬುಟ್ಟಿಯಲ್ಲೇ ಉಳಿದವು. ತಲೆ ಸ್ವಚ್ಛವಾಗಿದೆ. ಇಷ್ಟು ಸ್ವಚ್ಛತೆ ಬೇಕಿರಲಿಲ್ಲ.

ಏಪ್ರಿಲ್ 9, ಮಂಗಳವಾರ

ಔಷಧದಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆಗೆ ಸಾಲು. ನನ್ನ ಹಿಂದೆ ವೆಂಡೆಲ್‌ನ ಹೆಂಡತಿ. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಗಂಡನ ಪೂರ್ತಿ ಹೆಸರೇ ಹೆಸರು. ಅವಳ ಸ್ವಂತ ಹೆಸರು ನೆನಪಿಸಿಕೊಳ್ಳಲು ನನಗೂ ಒಂದು ಕ್ಷಣ ಬೇಕಾಯಿತು. ಪಿರೋಷ್ಕಾ. ಶಾಲೆಯಲ್ಲಿ ಗಣಿತದಲ್ಲಿ ವೆಂಡೆಲ್‌ಗಿಂತ ಮುಂದಿದ್ದಳು. ಈಗ ಪಕ್ಷದ ಎಲ್ಲ ಸಭೆಗೂ ಕಾಫಿ, ಬಿಸ್ಕತ್ತು ಅವಳದೇ.

ಮಾತನಾಡಿಸಬಾರದೆಂದು ನಿಶ್ಚಯಿಸಿದ್ದೆ. ಅವಳೇ ಕೇಳಿದಳು.

“ಟೀಚರ್, ತಟ್ಟೆ ಕಳಿಸ್ಲಿಲ್ಲ ಅಂತ ಬೇಜಾರಾ?”

“ಕೊಬ್ಬು ತಿನ್ನಬಾರದೆಂದು ವೈದ್ಯರು ಹೇಳಿದ್ದಾರೆ.”

“ನಾನು ಕಟ್ಟಿಟ್ಟಿದ್ದೆ. ಇವರು ಬೇಡ ಅಂದ್ರು.” ಕೈಚೀಲದ ಹಿಡಿ ತಿರುಚುತ್ತ ನಿಂತಳು. “ಕಿಂಗಾಗೆ ಏನಾಗತ್ತೆ, ನಂಬದೇ ಹೋದ್ರೆ?”

“ವಿಶ್ವವಿದ್ಯಾಲಯದಿಂದ ತೆಗೆದುಹಾಕುತ್ತಾರೆ. ಸುಳ್ಳುಗಾರ್ತಿ ಎಂಬ ಹೆಸರು ಬೇರೆ. ಇನ್ನೆಲ್ಲಿಯೂ ಸೇರಿಸುವುದಿಲ್ಲ.”

“ಒಂದು ಮಾತಿಗಾ?”

“ಒಂದು ಮಾತಿಗೆ.”

“ಅವಳು ಯಾರದು ಅಂತ ಹೇಳ್ಬಿಡಬಹುದಲ್ವಾ?”

“ಹೇಳುವುದಿಲ್ಲವಂತೆ. ಬೆಳೆಸಿದವಳಿಗೇ ಹೇಳಲಿಲ್ಲ.”

ಪಿರೋಷ್ಕಾ ಗಾಜಿನ ಕಪಾಟನ್ನು ನೋಡುತ್ತಿದ್ದಳು. ಅದರಲ್ಲಿ ಕೆಮ್ಮಿನ ಔಷಧವಲ್ಲದೆ ಬೇರೇನೂ ಇರಲಿಲ್ಲ. “ಯಾವತ್ತದು, ಪೊಜೊನ್‌ನಲ್ಲಿ?”

“ಮೇ ಹದಿನಾರು. ಗುರುವಾರ.”

“ಯಾರು ಬೇಕಾದ್ರೂ ಹೋಗ್ಬಹುದಾ?”

“ಬಹಿರಂಗ ಪರೀಕ್ಷೆ. ಯಾರು ಬೇಕಾದರೂ. ನಿನ್ನ ಗಂಡನೂ ಬರುತ್ತಾನಂತೆ, ನೋಡಿ ಸಂತೋಷಪಡಲು.”

ಮನೆಗೆ ಬರುವಾಗ ನನ್ನ ಕೊನೆಯ ಮಾತು ಅನಗತ್ಯವಾಗಿತ್ತೆನಿಸಿತು.

ಮೇ 15, ಬುಧವಾರ

ಕಪ್ಪು ಉಡುಪು ಇಸ್ತ್ರಿ ಮಾಡಿದೆ. ಬೂಟು ಒರೆಸಿದೆ. ನಾಳೆ ಅವಳ ಮೇಲೆ ಏನೇ ಬೀಳಲಿ, ಮೊದಲ ಸಾಲಿನಲ್ಲಿ ಕುಳಿತಿರುತ್ತೇನೆ. ನಂಬಿಕೆ ಅರ್ಧವಾದರೂ ಕುರ್ಚಿ ಪೂರ್ತಿ.

ಮೇ 16, ಗುರುವಾರ. ರೈಲಿನಲ್ಲಿ, ಮರಳುವಾಗ

ರೈಲು ಕುಲುಕಿದರೂ ಈಗಲೇ ಬರೆಯುತ್ತೇನೆ.

ಕಿಂಗಾ ಚೆನ್ನಾಗಿ ಮಾತನಾಡಿದಳು. ಸ್ಲೊವಾಕ್ ಭಾಷೆಯಲ್ಲಿ, ಒಂದು ತಪ್ಪೂ ಇಲ್ಲದೆ. ಲಾಟ್ವಿಯಾ, ಬಲ್ಗೇರಿಯಾ, ಕೊನೆಗೆ ನಾವು: ಹೊರಗಿನವರ ಭಯ ಇರುವವರೆಗೆ ಅಲ್ಪಸಂಖ್ಯಾತರ ಪಕ್ಷ ಒಂದಾಗಿರುತ್ತದೆ, ಭಯ ಹೋದಾಗ ಮನೆಯೊಳಗಿನ ಲೆಕ್ಕ ಶುರುವಾಗುತ್ತದೆ ಎಂದಳು. ಎರಡನೆಯ ಸಾಲಿನಲ್ಲಿ ವೆಂಡೆಲ್, ಪಶುವೈದ್ಯ. ವೆಂಡೆಲ್ ಕೈಕಟ್ಟಿ ಕುಳಿತಿದ್ದ, ಒಳ್ಳೆಯ ಸೂಟು.

ಸಮಿತಿಯ ಅಧ್ಯಕ್ಷರು ಹೊರ್ನಿಯಾಕ್ ಎಂಬ ಮುದುಕರು. ದೂರನ್ನು ಓದಿದರು. ಕನ್ನಡಕ ತೆಗೆದರು.

“ಹೆಸರು ಹೇಳ್ತೀರಾ, ಮೇಡಂ? ಸಮಿತಿಗೆ ಮಾತ್ರ, ಬಾಗಿಲು ಹಾಕಿಸ್ತೀವಿ.”

“ಕ್ಷಮಿಸಿ. ಹೇಳೋದಿಲ್ಲ.”

“ಪರಿಣಾಮ ಗೊತ್ತಲ್ವಾ?”

“ಗೊತ್ತು ಸರ್.”

ಅಧ್ಯಕ್ಷರು ನಿಟ್ಟುಸಿರಿಟ್ಟು, ವಾಡಿಕೆಯಂತೆ, ಸಭೆಯ ಕಡೆ ತಿರುಗಿ, “ಸಾರ್ವಜನಿಕರಲ್ಲಿ ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?” ಎಂದರು. ಕೇಳುವವರು ಇರುವುದಿಲ್ಲ. ಎಲ್ಲರೂ ಆಗಲೇ ತಿಂಡಿಯ ಮೇಜನ್ನು ನೋಡುತ್ತಿರುತ್ತಾರೆ.

ಕೊನೆಯ ಸಾಲಿನಿಂದ ಒಂದು ದನಿ. “ಕೇಳೋದಿಲ್ಲ, ಹೇಳೋದಿದೆ. ನನ್ನ ಸ್ಲೊವಾಕ್ ಅಷ್ಟು ಚೆನ್ನಾಗಿಲ್ಲ.”

“ನನ್ನ ಹಂಗೇರಿಯನ್‌ಗಿಂತ ಚೆನ್ನಾಗಿರತ್ತೆ. ಹೇಳಿ.”

“ಆ ಮಾತು ಹೇಳಿದ್ದು ನಾನು. ಹದಿನಾಲ್ಕು ನಾನು.”

ತಿರುಗಿ ನೋಡಿದೆ. ಪಿರೋಷ್ಕಾ. ಚರ್ಚಿಗೆ ಹಾಕುವ ನೀಲಿ ಕೋಟು.

ಕಿಂಗಾ ಎದ್ದು ನಿಂತು, “ಬೇಡ, ನೀವು ಹೇಳ್ಬೇಕಾಗಿಲ್ಲ” ಎಂದಳು. ಅವಳ ಮುಖ ನೋಡಿದ ಕ್ಷಣವೇ ಇದು ನಿಜವೆಂದು ನನಗೆ ತಿಳಿಯಿತು. ಅಂಥ ಮುಖ ನಟಿಸಲು ಯಾರಿಗೂ ಬಾರದು.

ವೆಂಡೆಲ್ ಅರ್ಧ ಎದ್ದ. “ನೀನಾ? ನೀನೆಲ್ಲಿದ್ದೆ ಅಲ್ಲಿ? ನಾವು ನಾಲ್ಕೇ ಜನ ಇದ್ದಿದ್ದು.”

“ನಾಲ್ಕು ಜನ ಗಂಡಸರು ಇದ್ರಿ. ನಾನು, ನಿಮ್ಮಮ್ಮ, ಕಟುಕನ ಹೆಂಡತಿ, ಮೂರು ಜನ ಅಲ್ಲೇ ಕರುಳು ತೊಳೀತಿದ್ವಿ. ಹತ್ತು ವರ್ಷದಿಂದ ನಿಮ್ಮ ಪಟ್ಟಿ ಎಲ್ಲ ಆಗಿದ್ದು ನನ್ನ ಬೆನ್ನ ಹಿಂದೆನೇ. ಬಿಸಿನೀರು ತಾ ಅಂತ ಕೂಗ್ತಿದ್ರಲ್ಲ, ಯಾರನ್ನ ಕೂಗಿದ್ದು?”

ಸಭೆಯಲ್ಲಿ ಯಾರೋ ನಕ್ಕರು. ಆಮೇಲೆ ಹಲವರು. ಪಶುವೈದ್ಯ ಕೆಮ್ಮಿದ.

“ಮನೇಲಿ ಮಾತಾಡೋಣ,” ಎಂದ ವೆಂಡೆಲ್, ಕುಗ್ಗಿದ ದನಿಯಲ್ಲಿ.

“ಮನೇಲಿ ಹತ್ತು ವರ್ಷ ಮಾತಾಡಿದೀನಿ. ನನ್ನ ಹೆಸರೂ ಒಂದು ಸಲ ಪಟ್ಟೀಲಿ ಇರ್ಲಿ ಅಂದೆ. ಕಾಫಿಗೆ ಸಕ್ಕರೆ ಕಮ್ಮಿ ಅಂದ್ರಿ. ಈ ಹುಡುಗಿ ಕೇಳಿದ್ಲು, ನಾನು ಹೇಳಿದೆ. ಅವಳು ಅದನ್ನ ಹಾಗೇ ಬರೆದ್ಲು, ಒಂದಕ್ಷರ ಹೆಚ್ಚಿಲ್ಲ.”

ಹೊರ್ನಿಯಾಕ್ ಮುದುಕರು ಕರವಸ್ತ್ರದಲ್ಲಿ ಮೂಗೊರೆಸಿಕೊಂಡರು. ನಗು ಮರೆಮಾಚಲು. “ನಮ್ಮೂರು ಉತ್ತರದಲ್ಲಿದೆ, ಅಮ್ಮ. ಅಪ್ಪಟ ಸ್ಲೊವಾಕರು. ಅಲ್ಲೂ ಪಟ್ಟಿ ಆಗೋದು ಹಾಗೇನೇ. ಹೆಸರು ಬರ್ಕೊಳ್ಳೋಣ. ಹೇಳಿ.”

“ಬಾಲ್ಲಾ ಪಿರೋಷ್ಕಾ.”

ತವರಿನ ಹೆಸರು. ಬರೆದುಕೊಂಡರು.

ಸಮಿತಿ ಒಳಗೆ ಹೋಗಿ ಬಂತು. ಒಮ್ಮತದಿಂದ ಪದವಿ. ಕಿಂಗಾ ನನ್ನ ಬಳಿ ಬಂದು ಭುಜದ ಮೇಲೆ ಹಣೆಯಿಟ್ಟಳು. ಈ ಸಲ ಶೀತವಿರಲಿಲ್ಲ, ಅತ್ತಳು. ನಾನು ಏನೋ ಹೇಳಿದೆ, ವಾಕ್ಯ ಪೂರ್ಣವಾಗಲಿಲ್ಲ. ತಿದ್ದಲೂ ಇಲ್ಲ. ಎದೆಯ ಮೇಲಿದ್ದ ಕಲ್ಲು ಎಲ್ಲಿ ಉರುಳಿತೆಂದು ಹುಡುಕುತ್ತಿರುವಂತೆ, ಕೈ ಸುಮ್ಮನೆ ಅವಳ ಬೆನ್ನು ಸವರುತ್ತಿತ್ತು.

ಮೇ 17, ಶುಕ್ರವಾರ. ಬೆಳಿಗ್ಗೆ

ಹತ್ತು ಗಂಟೆ ನಿದ್ದೆ. ಎಷ್ಟೋ ತಿಂಗಳ ನಂತರ.

ನೆನಪು ಮಾಸುವ ಮೊದಲು ಬರೆದಿಡಬೇಕು. ಫಲಿತಾಂಶ ಓದುವಾಗ ಸಭೆಯಲ್ಲಿ ನಿಂತಿದ್ದವರು, ಮನೆತನದ ಹೆಸರು ಮೊದಲಾಗಿ, ಗಂಡಸರಿಗೂ ಹೆಂಗಸರಿಗೂ ಒಂದೇ ನಿಯಮ: ಪ್ರಾಧ್ಯಾಪಕ ಹೊರ್ನಿಯಾಕ್ ಯಾನ್. ವರಾಡಿ ಕಿಂಗಾ, ಡೊಸೆಂಟ್. ವರಾಡಿ ಎತೆಲ್ಕಾ, ಅಂದರೆ ನಾನು. ಹಾಯ್ತ್‌ಮನ್ ಒಟ್ಟೋ, ತಡವಾಗಿ ಬಂದ, ಟೋಪಿ ತೆಗೆದಿದ್ದ. ಪಶುವೈದ್ಯ ಚೆರ್ನುಸ್ ಟಿಬೋರ್. ಬಾಲ್ಲಾ ಪಿರೋಷ್ಕಾ. ಮತ್ತು ಬಾಗಿಲ ಬಳಿ, ಎಲ್ಲರೂ ಹೊರಟ ಮೇಲೂ ಹೊರಡದೆ, ನೀಲಿ ಕೋಟನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಅವಳು ತೋಳು ಹಾಕಲೆಂದು ಕಾಯುತ್ತ, ಸಿದೋ ವೆಂಡೆಲ್, ಬಾಲ್ಲಾ ಪಿರೋಷ್ಕಾಳ ಗಂಡ.