ತಗಡಿನ ಅಂಚಿಗೆ ಎದ್ದ ಕೊಕ್ಕೆ

ಮಂಗಳವಾರ, ಮಧ್ಯಾಹ್ನ. ಪಾಪು ಮಲಗಿದೆ.

ಅಮ್ಮಾ,

ಕ್ಷೇಮಸಮಾಚಾರ ಆಮೇಲೆ. ಮೊದಲು ಲಕೋಟೆಯೊಳಗಿನ ಮರದ ಸುರುಳಿಯನ್ನು ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿ. ಈರುಳ್ಳಿಯ ಒಳಪೊರೆಯಷ್ಟು ತೆಳು, ಅಲ್ಲವೇ? ಅದನ್ನು ತೆಗೆದದ್ದು ಮರ ಹೆರೆಯುವ ಹತ್ತರಿಯಲ್ಲ, ಸ್ಕ್ರೇಪರ್. ಹೋದ ಸಲ ಬಂದಾಗ ನಿನ್ನ ಬೆಂಚಿನಡಿಯಿಂದ ನಾನು ಹಾರಿಸಿಕೊಂಡು ಬಂದ, ಅಂಗೈಯಗಲದ ಅದೇ ಹಳೇ ಉಕ್ಕಿನ ತಗಡು. ಅದನ್ನು ಮಸೆದು ಅಂಚು ಕಟ್ಟಿದವಳು ನಾನು!

ಮಣಿಕಟ್ಟು ಉಳುಕಿಸಿಕೊಂಡು ಕೂತ ನೀನು, ನೀನೇ ಮಾಡಿದ ಆ ಬೀರುವಿನ ಬಾಗಿಲುಗಳನ್ನು ಉಜ್ಜಿ ನಯಮಾಡಲು ಪಕ್ಕದ ಬೀದಿಯ ಮೆಷಿನ್ನಿನವನಿಗೆ ಕೊಟ್ಟುಬಿಡುತ್ತೇನೆ ಎಂದೆಯಲ್ಲ, ಅಂದಿನಿಂದ ನನಗೆ ನಿದ್ದೆಯಿಲ್ಲ. (ಅದಕ್ಕೆ ಮುಂಚೆಯೂ ನಿನ್ನ ಮೊಮ್ಮಗಳು ಅಷ್ಟೇನೂ ಉಳಿಸಿರಲಿಲ್ಲ ಬಿಡು.) ಅಲೆಅಲೆಯಾಗಿ ನಾರು ಓಡುವ ಮರ ಅದು. ಹತ್ತರಿ ಹೊಡೆದರೆ ಕಿತ್ತುಬರುತ್ತದೆ, ಅವನ ಮೆಷಿನ್ನು ಉಜ್ಜಿದರೆ ಅಲೆಯೆಲ್ಲ ಮಂಕು. ನಾನೇ ಮುಗಿಸಿಕೊಡುತ್ತೇನೆ ಎಂದು ಫೋನಿನಲ್ಲಿ ಗೋಗರೆದರೆ ನೀನು ಅಂದದ್ದೇನು? "ನಿದ್ದೆಗೆಟ್ಟ ಕೈಗೆ ನಾನು ಹತಾರ ಕೊಡಲ್ಲ ಕಣೇ. ಅದಿರಲಿ, ಅಂಚು ಕಟ್ಟೋಕೆ ಬರುತ್ತಾ ನಿಂಗೆ?"

ಬರುತ್ತಿರಲಿಲ್ಲ. ಕಾಲೇಜು ಮುಗಿಸಿದ ಮೇಲೆ, ಹೊಟ್ಟೆ ಮುಂದೆ ಬಂದು ಬೆಂಚಿಗೆ ತಾಗುವವರೆಗೂ ನಿನ್ನ ಶೆಡ್ಡಿನಲ್ಲಿ ನಿಂತು ಎಲ್ಲ ಕಲಿತೆ. ಅಂಚು ಮಾತ್ರ ನೀನೇ ಕಟ್ಟಿ ಕೈಗಿಡುತ್ತಿದ್ದೆ.

ಸರಿ, ಹಟ ಹಿಡಿದೆ. ಅರ ಹಾಕಿದೆ, ಸಾಣೆಕಲ್ಲಿಗೆ ಉಜ್ಜಿದೆ, ಮರವನ್ನು ಹೆರೆಯುವ ಕೂದಲೆಳೆಯಷ್ಟು ಸಣ್ಣ ಕೊಕ್ಕೆ ಅಂಚಿಗೆ ಏಳಲೆಂದು ಉಕ್ಕಿನ ಸರಳನ್ನು ಒತ್ತಿ ಎಳೆದೆ. ಮರದ ಮೇಲೆ ತಳ್ಳಿದರೆ ಸುರುಳಿಯಲ್ಲ, ಪುಡಿ. ಮತ್ತೆ ಅರ, ಮತ್ತೆ ಸಾಣೆ, ಮತ್ತೆ ಪುಡಿ. ತಗಡು ಕಾದು ಹೆಬ್ಬೆರಳುಗಳು ಚುರುಚುರು ಎಂದವೇ ಹೊರತು ಕೊಕ್ಕೆ ಜಪ್ಪಯ್ಯ ಎಂದರೂ ಏಳಲಿಲ್ಲ.

ನಿನ್ನ ಅಳಿಯ ಪಾಪುವನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದರು. ಮರಗೆಲಸದ ಗಂಧಗಾಳಿಯಿಲ್ಲದ ಮನುಷ್ಯ. ಆದರೆ ಪಾಪು ತೆವಳಲು ಶುರುಮಾಡಿದ ಮೇಲೆ ನಾನು ಮೇಜು, ಮಂಚ, ಕಪಾಟುಗಳ ಮೂಲೆಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿದ್ದನ್ನು ಕಂಡವರು. ಮೆಲ್ಲಗೆ ಕೇಳಿದರು: "ಅಲ್ಲ ಕಣೇ, ಇದರ ಮೂಲೇನೂ ಸವರ್ತಾ ಇದ್ದೀಯಲ್ಲ, ಇದನ್ನೇನು ಪಾಪು ಬಾಯಿಗೆ ಹಾಕ್ಕೊಳುತ್ತಾ?"

ನೋಡಿಕೊಂಡರೆ ನಿಜ! ಸಾಣೆಕಲ್ಲಿನ ಮೇಲೆ ಪ್ರತಿ ಎಳೆತದ ಕೊನೆಗೂ ನನ್ನ ಕೈ ತಾನಾಗಿ ಹೊರಳಿ ಅಂಚನ್ನು ಮೊಂಡು ಮಾಡುತ್ತಿತ್ತು. ಚೂಪಾದ ಚೌಕ ಮೂಲೆಯೇ ಇಲ್ಲದಿದ್ದರೆ ಕೊಕ್ಕೆ ಎಲ್ಲಿಂದ ಏಳಬೇಕು? ಪಾಪು ಬೆಚ್ಚುವಷ್ಟು ನಕ್ಕೆ. ಸ್ವಲ್ಪ ಅತ್ತೆ ಕೂಡ.

ಆಮೇಲೆ ತಗಡನ್ನು ಚೌಕದ ಮರದ ತುಂಡಿಗೆ ಒತ್ತಿ ಹಿಡಿದು, ಕೈ ಹೊರಳಲು ಬಿಡದೆ ನೆಟ್ಟಗೆ ಎಳೆದೆ. ಮೂಲೆ ಉಗುರನ್ನು ಕಚ್ಚತೊಡಗಿದ ಮೇಲೆ ಸರಳಿಗೆ ಎಣ್ಣೆ ಸವರಿ, ಒಂದಿಷ್ಟೇ ಓರೆಯಾಗಿಸಿ ಎಳೆದೆ. ತಗಡನ್ನು ಬಾಗಿಸಿ, ಅದರ ಜೊತೆಗೇ ತಂದಿದ್ದ ಆ ಬಾಗಿಲುಗಳದ್ದೇ ಉಳಿಕೆ ತುಂಡಿನ ಮೇಲೆ ತಳ್ಳಿದೆ. ಸುಯ್ಯೆಂದಿತು ಅಮ್ಮಾ! ಸುರುಳಿ ಎದ್ದು ಬೆರಳಿಗೇ ಸುತ್ತಿಕೊಂಡಿತು. ಕೆಳಗೆ ಮರದ ಅಲೆಗಳು ಒದ್ದೆಯಾದಂತೆ ಹೊಳೆಯುತ್ತಿದ್ದವು.

ಪಾಪುವಿಗೆ ಚೂಪು ತಾಗೀತೆಂಬ ಭಯ ಹೋಗಿಲ್ಲ. ತಗಡಿಗೆ ದಪ್ಪ ಬಟ್ಟೆಯ ಚೀಲ ಹೊಲಿದಿದ್ದೇನೆ, ಚೀಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಬೀಗದಕೈ ನನ್ನ ಕೊರಳಲ್ಲಿ. ಇವರು ಪಾಪುವನ್ನು ಹೊರಗೆ ಸುತ್ತಾಡಿಸುವಾಗ ಮಾತ್ರ ಕೆಲಸ. ಭಯವಿದ್ದ ಕೈಯೂ ನೆಟ್ಟಗೆ ಎಳೆಯಬಲ್ಲದು, ಸುರುಳಿಯೇ ಸಾಕ್ಷಿ. ಬಾಗಿಲು ನೀನು ಕೂಡಿಸಿದ್ದು. ಅದರ ಮುಖವನ್ನು ಬೇರೆಯವರು ಉಜ್ಜಬಾರದು.

ನಿನ್ನ ಹಟಮಾರಿ
ಮಗಳು

ತಾ.ಕ.: ಈ ಪತ್ರಕ್ಕೆ ಅಂಚೆಚೀಟಿಯಿಲ್ಲ ಎಂಬುದನ್ನು ಗಮನಿಸಿರುತ್ತೀಯ. ತಂದ ನಿನ್ನ ಅಳಿಯ ಸಂಕೋಚದಿಂದ ಹೊಸ್ತಿಲಲ್ಲೇ ನಿಂತಿರುತ್ತಾರೆ. ಬೀದಿಯಲ್ಲಿ ಬಾಡಿಗೆ ವ್ಯಾನ್ ಇದೆ, ಬಾಗಿಲುಗಳಿಗೆ ಸುತ್ತಲು ಅದರಲ್ಲಿ ಕಂಬಳಿಗಳಿವೆ. ಮೆಷಿನ್ನಿನವನನ್ನು ಕಾಯಬೇಡ. ಬರುವುದು ಬೇಡವೆಂದು ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿದ್ದೇನೆ, ನಿನ್ನ ದನಿಯಲ್ಲಿ. ಪಾಪ, ಮಣಿಕಟ್ಟು ಹೇಗಿದೆಯಮ್ಮಾ ಎಂದು ನನ್ನನ್ನೇ ವಿಚಾರಿಸಿಕೊಂಡ.